ಮೋಟುಕೋವಿಯ ಅಳತೆ

“ಅದೊಂದ ಬುಟ್ಬುಡಿ ಸ್ವಾಮಿ. ಅದ್ಕೆ ಟೇಪ ಇಡೀಬ್ಯಾಡಿ.”

ಲಿಂಗಯ್ಯ ಇದನ್ನು ಮೂರನೇ ಸಲ ಹೇಳಿದಾಗ ಕಸ್ತೂರಿರಂಗನಿಗೆ ನಗು ತಡೆಯಲಾಗಲಿಲ್ಲ. ಐವತ್ತೈದು ದಾಟಿದ ಜವಾನ, ಆಯುಧದ ಕೋಣೆಯ ಹೊಸ್ತಿಲಾಚೆ ನಿಂತು, ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ಒಂದು ಹಳೇ ಬಂದೂಕನ್ನು ಕಂಡು ನಡುಗುತ್ತಿದ್ದ.

“ಯಾಕಯ್ಯ, ಅಳೆದರೆ ಕಚ್ಚುತ್ತೇನು?”

“ಕಚ್ಚಾಕಿಲ್ಲ. ಹಿಂದ್ಲೋರ್ಯಾರೂ ಅದನ್ನ ಅಳೀಲಿಲ್ಲ ಸ್ವಾಮಿ. ಪುಸ್ತಕದಲ್ಲಿ ಮೂವತ್ತಾರು ಅಂಗ್ಲ ಅಂತ ಬರ್ದದೆ. ಅದ್ನೇ ಗುಣಿಸ್ಕಂಡು ಆಕ್ಬುಡಿ. ಮಕ್ಳೊಂದಿಗ್ರು ನೀವು.”

“ನೋಡದೆ ಬರೆಯೋದೂ ಒಂದೇ, ಉಣ್ಣದೆ ತೇಗೋದೂ ಒಂದೇ,” ಎಂದು ಕಸ್ತೂರಿರಂಗ ಪಂಚೆ ಎತ್ತಿ ಕಟ್ಟಿದ. ಓದಿದವರ ಧಿಮಾಕು ಅಂದರೆ ಇದೇ. ಹಿರಿಯನೊಬ್ಬ ಕೈಮುಗಿದು ಹೇಳಿದರೆ ಕಿವಿಗೆ ಹಾಕಿಕೊಳ್ಳಲು ಇವರಿಗೆ ಏನು ಕಷ್ಟವೋ ಕಾಣೆ.

ಅದು ಎಪ್ಪತ್ತನಾಲ್ಕನೇ ಇಸವಿಯ ಕಾರ್ತಿಕ ಮಾಸ. ಮಳವಳ್ಳಿಯ ಅಂಚಿನ ಆ ಬಂಗಲೆಯನ್ನು ಮಕ್ಕಳಿಲ್ಲದ ಮೇಜರ್ ಒಬ್ಬ ಸಾಯುವಾಗ ಸರ್ಕಾರಕ್ಕೆ ಬರೆದುಕೊಟ್ಟಿದ್ದ. ಅವನು ಕೂಡಿಟ್ಟ ಕತ್ತಿ, ಗುರಾಣಿ, ಪಿಸ್ತೂಲು, ಬಂದೂಕುಗಳೇ ಈಗ ಅಲ್ಲಿನ ಸಂಗ್ರಹಾಲಯ. ನೋಡಲು ವಾರಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಕಸ್ತೂರಿರಂಗ ಮೇಲ್ವಿಚಾರಕನಾಗಿ ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಬೆಂಗಳೂರಿನ ಮೇಲಿನ ಕಚೇರಿಯಿಂದ ಆದೇಶ: ದಾಖಲೆ ಪುಸ್ತಕದಲ್ಲಿ ಅಂಗುಲ ಇರಕೂಡದು, ಎಲ್ಲವೂ ಸೆಂಟಿಮೀಟರಿಗೆ ಬರಬೇಕು. ಬೇರೆ ಯಾರಾದರೂ ಆಗಿದ್ದರೆ ಕುರ್ಚಿಯಲ್ಲೇ ಕೂತು ಗುಣಿಸಿ ಸಂಜೆಯೊಳಗೆ ಮುಗಿಸುತ್ತಿದ್ದರು. ಇವನು ಒಂದೊಂದನ್ನೂ ಗೋಡೆಯಿಂದ ಇಳಿಸಿ ಅಳೆಯುತ್ತ ಹೊರಟ. ಕಚೇರಿಯ ಟೇಪು ತುಕ್ಕು ಹಿಡಿದು ಮುರಿದಿದ್ದರಿಂದ ಹೆಂಡತಿ ವೇದವತಿಯ ಹೊಲಿಗೆ ಪೆಟ್ಟಿಗೆಯ ಟೇಪನ್ನೇ ತಂದಿದ್ದ. ಅದೇ ಬೆಳಿಗ್ಗೆ ಅವಳು ಎಂಟು ವರ್ಷದ ಮಗಳು ಗೋದಾಳಿಗೆ ಹೊಸ ಲಂಗದ ಅಳತೆ ತೆಗೆದು, ಹಾಗೇ ಎತ್ತರವನ್ನೂ ನೋಡಿ, “ನೂರಹದಿನೆಂಟು ಸೆಂಟಿಮೀಟರ್! ಕಬ್ಬಿನ ಜಲ್ಲೆ ಹಾಗೆ ಏಳ್ತಿದಾಳೆ ನೋಡಿ,” ಎಂದು ಹಿಗ್ಗಿದ್ದಳು.

ಕೋಣೆಯ ಕಿಟಕಿಗಳಿಗೆ ಮೊಳೆ ಹೊಡೆದಿತ್ತು. ನಡುಹಗಲಲ್ಲೂ ಒಳಗೆ ಮಬ್ಬು. ಕರೆಂಟು ಹೋಗಿತ್ತು, ಹದಿನೈದು ಮೈಲಿಯಾಚೆ ಶಿವನಸಮುದ್ರದಲ್ಲಿ ಹುಟ್ಟುವ ಕರೆಂಟು ಮಳವಳ್ಳಿಗೆ ಬರುವಷ್ಟರಲ್ಲಿ ಸತ್ತಿರುತ್ತಿತ್ತು. ಬಾವಲಿಯ ಹಿಕ್ಕೆ, ಬೂಷ್ಟು ಹಿಡಿದ ಚರ್ಮ, ಹಳೇ ಎಣ್ಣೆ, ಎಲ್ಲ ಸೇರಿದ ಗಬ್ಬು ಗಂಟಲಿಗೆ ಹತ್ತುತ್ತಿತ್ತು. ಮೂಲೆಯಲ್ಲಿ, ಉಳಿದವುಗಳಿಂದ ದೂರ, ಗೋಡೆಗೆ ಮುಖ ಮಾಡಿ ಆ ಬಂದೂಕನ್ನು ನಿಲ್ಲಿಸಿದ್ದರು. ಸಿಪಾಯಿಗಳ ರೈಫಲ್ಲೇ, ಆದರೆ ನಳಿಗೆಯನ್ನು ಮುಕ್ಕಾಲು ಅಡಿಯಷ್ಟು ಕುಯ್ದಿದ್ದರು. ಯುದ್ಧದ ಕಾಲದಲ್ಲಿ ಪ್ರಯೋಗಕ್ಕೆಂದು ಮಾಡಿದ್ದು, ಒಂದೇ ಉಳಿದಿರುವುದು ಎಂದು ಚೀಟಿಯಲ್ಲಿತ್ತು. ಊರವರು ಅದನ್ನು ಮೋಟುಕೋವಿ ಅನ್ನುತ್ತಿದ್ದರು.

ಭುಜಕ್ಕೆ ಆನಿಸುವ ಮರದ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳ. ಸಿಪಾಯಿಗಳು ಎಣ್ಣೆಯ ಸೀಸೆ ಇಡುವ ಗೂಡು ಅದು. ಕಸ್ತೂರಿರಂಗ ಉಗುರಿನಿಂದ ಎಬ್ಬಿದ. ಒಳಗಿಂದ ಹಸಿಮಣ್ಣಿನ ವಾಸನೆ ಬಂತು, ಆಗತಾನೆ ತೋಡಿದ ಗುಂಡಿಯದು. ಜೊತೆಗೆ ಅರಿಸಿನ. ಸೀಸೆ ಇರಲಿಲ್ಲ. ಗಂಟುಗಂಟಾಗಿ ಸುತ್ತಿದ ಕಪ್ಪು ದಾರವಿತ್ತು.

“ಮುಚ್ಚಿ ಸ್ವಾಮಿ! ನಿಮ್ ದಮ್ಮಯ್ಯ, ಮುಚ್ಚಿ!”

ಕಸ್ತೂರಿರಂಗ ಮುಚ್ಚಿದ. ಬಂದೂಕನ್ನು ಮೇಜಿನ ಮೇಲೆ ಮಲಗಿಸಿ ಟೇಪು ಎಳೆದ. ಎಳೆದು ಹಿಡಿದ ಕ್ಷಣ ಮರದೊಳಗೆ ‘ಲಟಕ್’ ಎಂದಿತು, ಯಾರೋ ಬೆರಳಿನ ನೆಟಿಗೆ ಮುರಿದ ಹಾಗೆ. ತೊಂಬತ್ತೆರಡು ಪಾಯಿಂಟ್ ಆರು.

ಮೂವತ್ತಾರು ಅಂಗುಲಕ್ಕೆ ತೊಂಬತ್ತೊಂದು ಪಾಯಿಂಟ್ ನಾಲ್ಕು ಬರಬೇಕು. ಇನ್ನೊಮ್ಮೆ ಹಿಡಿದ. ಲಟಕ್. ತೊಂಬತ್ತಮೂರು ಪಾಯಿಂಟ್ ಎಂಟು. ಬಟ್ಟೆಯ ಟೇಪು ಜಗ್ಗಿದ್ದರೆ ಅಳತೆ ಕಮ್ಮಿ ಬರಬೇಕಿತ್ತು, ಇದು ಏರುತ್ತಿದೆ. ಅವನು ಹುಬ್ಬು ಗಂಟಿಕ್ಕಿ ಸುತ್ತ ನೋಡಿದ. ಲಿಂಗಯ್ಯ ಅಲ್ಲಿರಲಿಲ್ಲ. ಬಾಗಿಲಾಚೆ ಅಂಗಳದ ನಲ್ಲಿಯ ಕೆಳಗೆ, ಹೆಣ ಮುಟ್ಟಿ ಬಂದವನ ಹಾಗೆ, ತಲೆಯೊಡ್ಡಿ ಕೂತಿದ್ದ.

ಎರಡು ದಿನಕ್ಕೆ ಲಂಗ ಹೊಲಿದು ಮುಗಿಯಿತು. ಗೋದಾ ಅದನ್ನು ಉಟ್ಟು ಓಡಿಬಂದು, ಅಂಚು ತುಳಿದು, ಮುಗ್ಗರಿಸಿ ಬಿದ್ದಳು. ಲಂಗ ನೆಲ ಗುಡಿಸುತ್ತಿತ್ತು.

“ನನ್ನ ಕಣ್ಣಿಗೇನು ಬಂತು ದಾಡಿ! ಸರಿಯಾಗಿ ಅಳೆದು ಕತ್ತರಿಸಿದ್ದೆ,” ಎಂದು ವೇದವತಿ ತನ್ನನ್ನೇ ಬೈದುಕೊಂಡಳು.

“ಅಪ್ಪಾ, ಕಾಲು ಒಳಗೊಳಗೇ ಎಳೀತಿದೆ,” ಎಂದಳು ಗೋದಾ.

“ಬೆಳೆಯೋ ವಯಸ್ಸು ಕಣಮ್ಮ, ಮೂಳೆ ಎಳೆಯುತ್ತೆ,” ಎಂದು ಅಪ್ಪ ಸಮಾಧಾನ ಹೇಳಿದ. ಅವನ ತಲೆಯ ತುಂಬ ಇದ್ದದ್ದು ಬಂದೂಕು. ಮಾರನೇ ದಿನ ಮತ್ತೆ ಅಳೆದ: ತೊಂಬತ್ತೈದು. ಮೊದಲೆರಡು ಸಲ ತಾನೇ ತಪ್ಪಿ ನೋಡಿರಬೇಕು. ಪುಸ್ತಕದ ಅಳತೆಗೂ ಇದಕ್ಕೂ ತಾಳೆಯಿಲ್ಲ ಅಂದರೆ ಯಾರೋ ಬಂದೂಕನ್ನೇ ಬದಲಾಯಿಸಿದ್ದಾರೆ! ಕಳ್ಳನನ್ನು ಹಿಡಿದ ಉತ್ಸಾಹದಲ್ಲಿ, ಖುದ್ದು ತನಿಖೆಗೆ ಬರಬೇಕೆಂದು ಮೇಲಿನ ಕಚೇರಿಗೆ ಕಾಗದ ಬರೆದು ತಾನೇ ಅಂಚೆಗೆ ಹಾಕಿ ಬಂದ. ಕಾಗದದಲ್ಲಿ ಬರೆದದ್ದು ಸರಿಯೋ ಎಂದು ನೋಡಲು ಮರುದಿನ ಇನ್ನೊಂದು ಸಲ. ಲಟಕ್. ತೊಂಬತ್ತಾರು ಪಾಯಿಂಟ್ ಎರಡು.

ಅಂದು ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ವೇದವತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ಏನೂಂದ್ರೆ, ಆ ಟೇಪು ಕೊಡಿ ಇಲ್ಲಿ.”

ಗೋದಾಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದಳು. ಮತ್ತೆ ಅಳೆದಳು. ನೂರಹದಿಮೂರು ಪಾಯಿಂಟ್ ಎರಡು. ನಾಲ್ಕೇ ದಿನದಲ್ಲಿ ಮಗು ನಾಲ್ಕು ಪಾಯಿಂಟ್ ಎಂಟು ಕುಗ್ಗಿದ್ದಳು. ಬಂದೂಕು ತೊಂಬತ್ತೊಂದು ಪಾಯಿಂಟ್ ನಾಲ್ಕರಿಂದ ತೊಂಬತ್ತಾರು ಪಾಯಿಂಟ್ ಎರಡಕ್ಕೆ ಏರಿತ್ತು. ಕಸ್ತೂರಿರಂಗ ಬೆರಳು ಮಡಿಸಿ ಕಳೆದ. ಕಳೆದದ್ದನ್ನೇ ಇನ್ನೊಮ್ಮೆ ಕಳೆದ. ಒಂದು ಚುಕ್ಕಿ ಆಚೀಚೆ ಇಲ್ಲ. ಎಲೆಯ ಮುಂದೆ ಕೂರದೆ, ಚಪ್ಪಲಿ ಮೆಟ್ಟದೆ, ಬಿಸಿಲಲ್ಲಿ ಬಂಗಲೆಗೆ ಓಡಿದ.

ಲಿಂಗಯ್ಯ ಅವನ ಮುಖ ನೋಡಿಯೇ ತಿಳಿದುಕೊಂಡ.

“ಏಟ್ ಸಲ ಅಳುದ್ರಿ?”

“ನಾಲ್ಕು.”

“ಅಯ್ಯೋ ಸಿವನೇ,” ಎಂದು ಅವನು ನೆಲಕ್ಕೆ ಕುಸಿದ. ಆಮೇಲೆ ತುಂಡುತುಂಡಾಗಿ ಹೇಳಿದ. ಕಾಡಿನ ಯುದ್ಧಕ್ಕೆ ಉದ್ದದ ಬಂದೂಕು ತೊಡರುತ್ತದೆಂದು ನಳಿಗೆ ಕುಯ್ದು ಪ್ರಯೋಗ ಮಾಡಿದರಂತೆ. ನಳಿಗೆ ಮೋಟಾದರೆ ಬಾಯಿಂದ ಬೆಂಕಿ ಜಾಸ್ತಿ. ಹಾರಿಸಿ ನೋಡಲು ಕೊಟ್ಟದ್ದು ಇದೇ ಕಡೆಯ ಹುಡುಗ, ಹತ್ತೊಂಬತ್ತರ ದೊಡ್ಡಸಿದ್ದಯ್ಯನ ಕೈಗೆ. ಕಿಡಿ ಪಕ್ಕದ ಮದ್ದಿನ ಪೆಟ್ಟಿಗೆಗೆ ಬಿತ್ತು. ಐದೂವರೆ ಅಡಿಯ ಹುಡುಗ ಮೂರಡಿ ಪೆಟ್ಟಿಗೆಯಲ್ಲಿ ಊರಿಗೆ ಬಂದ. ಬಂದೂಕು ಮೇಜರನ ಬಂಗಲೆ ಸೇರಿತು. ಹುಡುಗನ ತಾಯಿ ಹೊಂಬಾಳಮ್ಮ ಅದನ್ನು ಹುಡುಕಿಕೊಂಡು ಬಂದು, ಅದೇ ಬಂಗಲೆಯಲ್ಲಿ ಒಂದು ವರ್ಷ ಕಸ ಗುಡಿಸಿದಳು. ಹೋಗುವಾಗ ಅದರ ಹೊಟ್ಟೆಯೊಳಗೆ ದಾರ ಇಟ್ಟು ಹೋದಳು.

“ಇನ್ನೂ ಬದ್ಕವ್ಳೆ ಸ್ವಾಮಿ. ಓಗಿ ಕಾಲಿಡ್ಕಳಿ.”

ಶಿವನಸಮುದ್ರದ ಬಸ್ಸಿನಿಂದ ಮಾರನೇ ಬೆಳಿಗ್ಗೆ ಇಳಿದು, ಕಬ್ಬಿನ ಗದ್ದೆಯ ಬದುವಿನ ಮೇಲೆ ಕಸ್ತೂರಿರಂಗ ನಡೆದ. ತಲೆಯ ಮೇಲೆ ಕರೆಂಟಿನ ದಪ್ಪ ತಂತಿಗಳು ಗುಂಯ್ ಅನ್ನುತ್ತಿದ್ದವು. ಒಂಟಿ ಗುಡಿಸಿಲ ಮುಂದೆ ಮುದುಕಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಇವನು ಬಾಯಿ ತೆರೆಯುವ ಮೊದಲೇ ಕೇಳಿದಳು:

“ಗಂಡೋ ಎಣ್ಣೋ?”

“ಹೆಣ್ಣು. ಒಂದೇ ಮಗು, ತಾಯಿ. ಎಂಟು ವರ್ಷ.” ಅವನಿಗೆ ಅಳು ಒತ್ತರಿಸಿ ಬಂತು. ಮಡಿ ಮೈಲಿಗೆ ಎಲ್ಲ ಮರೆತು ಅವಳ ಕಾಲ ಬಳಿ ಕೂತ. “ಕಟ್ಟಿದವರು ನೀವು. ಬಿಚ್ಚಿಬಿಡಿ.”

ಮುದುಕಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಆವತ್ತು ಕೋವಿ ಕೆಟ್ಟೋಯ್ತಾ ಅಂತ ಆಪೀಸರು ಬಂದು ಅಳುದ್ರಂತೆ. ಉದ್ದ, ದಪ್ಪ, ಎಲ್ಲಾನೂ ಬರ್ಕಂಡ್ರಂತೆ. ನನ್ ಮಗುನ್ನ ಯಾರೂ ಅಳೀಲಿಲ್ಲ ಕಣಪ್ಪ. ಪೆಟ್ಗೇಲಿ ಏಟದೆ, ಬೆಂದೋಗಿದ್ದೇಟು, ಕೇಳೋರೇ ಇರ್ನಿಲ್ಲ. ಅವನ ಉಡಿದಾರ ಬಿಚ್ಚಿ, ಗುಂಡಿ ಮಣ್ಣಾಕಿ, ನಾನೇ ಕಟ್ಟಿವ್ನಿ. ಆ ಕೋವೀನ ಯಾವ್ ಕೈ ಅಳೀತದೋ ಆ ಮನೆ ಮಗೀಂದು ಅರ್ಧರ್ಧ ಅಂಗ್ಲ ನನ್ ಮಗುನ್ಗೆ ಬರ್ಬೇಕು. ಅವ್ನು ಐದೂವರೆ ಅಡಿ ಆಗೋಗಂಟ.”

“ದಾರ ತೆಗೆದು ಸುಟ್ಟುಬಿಡ್ತೀನಿ.”

“ಸುಡು. ನಿನ್ ಮಗಳ ಅಳ್ತೆ ಅದ್ರೊಳ್ಗೆ ಸೇರದೆ, ಅವ್ಳೂ ಬೇಯ್ತಾಳೆ.” ಮೊದಲ ಸಲ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಬಿಚ್ಚಾಕೆ ನಂಗೂ ಬರಾಕಿಲ್ಲ. ಓಗಿದ್ದು ಓಯ್ತು. ಇರೋದ ಉಳಿಸ್ಕೊ. ಇನ್ನೊಂದ್ಕಿತ ನಿನ್ ಕೈ ಅದನ್ನ ಅಳ್ದ್ರೆ ಎಣ್ಮಗ ಏಳಾಕಿಲ್ಲ.”

ಕಸ್ತೂರಿರಂಗ ಮನೆಗೆ ಬಂದು ಟೇಪನ್ನು ಒಲೆಗೆ ಹಾಕಿದ. ಗೋದಾ ಮೂರು ದಿನ ಮಲಗಿದ್ದವಳು ನಾಲ್ಕನೇ ದಿನ ಎದ್ದು ಗಂಜಿ ಕುಡಿದಳು. ಐದನೇ ದಿನ ಗೋಡೆ ಹಿಡಿದು ನಡೆದಳು. ಗಂಡ ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಬದುಕಿದೆವಪ್ಪ ಅಂದುಕೊಂಡರು. ಅದೇ ಹೊತ್ತಿಗೆ ಅಂಚೆಯವನು ಬೆಂಗಳೂರಿನ ಲಕೋಟೆ ತಂದ. ಇವನ ಕಾಗದವನ್ನು ಮೇಲಿನ ಕಚೇರಿ ಗಂಭೀರವಾಗಿ ಪರಿಗಣಿಸಿದೆ. ನಾಳೆ ಗುರುವಾರವೇ ತನಿಖಾಧಿಕಾರಿ ಬರುತ್ತಾರೆ. ನಿಯಮದ ಪ್ರಕಾರ ಅವರ ಸಮ್ಮುಖದಲ್ಲಿ ಮೇಲ್ವಿಚಾರಕನೇ ಆಯುಧವನ್ನು ಅಳೆದು ತೋರಿಸತಕ್ಕದ್ದು.

ತಾನೇ ತೋಡಿದ ಹಳ್ಳ. ಅಳೆಯುವುದಿಲ್ಲ ಅಂದರೆ ಬಂದೂಕು ಕದ್ದವನು ನೀನೇ ಅನ್ನುತ್ತಾರೆ, ಪೊಲೀಸು ಬರುತ್ತದೆ, ಅವರ ಎದುರಿಗೆ ಕೈ ಹಿಡಿದು ಅಳೆಸುತ್ತಾರೆ. ಗುರುವಾರ ಬೆಳಿಗ್ಗೆ ಅವನು ಎಡಗೈ ಚಾಚಿ ಕೂತ. ವೇದವತಿ ಹಳೇ ಪಂಚೆ ಹರಿದು ಮೊಣಕೈವರೆಗೂ ಬಿಗಿಯಾಗಿ ಸುತ್ತಿ ಕಟ್ಟಿದಳು.

“ಬರೋ ಆಫೀಸರಿಗೆ ಮಕ್ಕಳಿದ್ದರೆ?” ಎಂದು ಮೆಲ್ಲಗೆ ಕೇಳಿದಳು.

“ಅಷ್ಟು ದೊಡ್ಡ ಹುದ್ದೆಯವರು, ವಯಸ್ಸಾಗಿರುತ್ತೆ. ಆಳೆತ್ತರದ ಮಕ್ಕಳಿರ್ತಾರೆ. ಅರ್ಧ ಅಂಗುಲ ಹೋದರೆ ಯಾರಿಗೆ ಗೊತ್ತಾಗುತ್ತೆ, ವೇದ?”

ಅವಳು ಗಂಟನ್ನು ಇನ್ನಷ್ಟು ಬಿಗಿದಳು.

ಜೀಪಿನಿಂದ ಇಳಿದವನಿಗೆ ಮೂವತ್ತೂ ಆಗಿರಲಿಲ್ಲ. ತಿರುನಾರಾಯಣ ಎಂದು ಹೆಸರು. ಮಂಡ್ಯದವನು, ಮಾತು ಬೆಳೆಸಿದರೆ ದೂರದ ನೆಂಟನೂ ಆದಾನು. ಹಸನ್ಮುಖಿ. ಕಟ್ಟಿದ ಕೈ ನೋಡಿ ಅಯ್ಯೋ ಪಾಪ ಅಂದ.

“ಬಿಸಿನೀರು ಬಿತ್ತು ಸಾರ್. ಬಲಗೈಲಿ ಬರೀತೀನಿ. ಟೇಪು ಮಾತ್ರ ಒಂದು ಕೈಲಿ ಹಿಡಿಯೋಕಾಗಲ್ಲ.”

“ನಿಯಮ ಅಂದರೆ ನೀವೇ ಹಿಡೀಬೇಕು. ಇರಲಿ, ಕೈ ಹಾಗಿರೋವಾಗ ಏನು ಮಾಡೋಕಾಗುತ್ತೆ? ನಾನೇ ಅಳೀತೀನಿ.” ಜೇಬಿನಿಂದ ಉಕ್ಕಿನ ಟೇಪು ತೆಗೆದ. “ನಿಧಾನವಾಗಿಯೇ ಮಾಡೋಣ. ಜೀಪು ಹೊರಡೋದು ಸಂಜೆಗೆ ತಾನೇ.”

ಆಯುಧದ ಕೋಣೆಯಲ್ಲಿ ಅವತ್ತೂ ಕರೆಂಟಿರಲಿಲ್ಲ. ಲಿಂಗಯ್ಯ ಲಾಟೀನು ಹಿಡಿದು ಹೊಸ್ತಿಲವರೆಗೂ ಬಂದು ನಿಂತ. ಬಂದೂಕನ್ನು ಮೇಜಿನ ಮೇಲೆ ಮಲಗಿಸಿದರು. ಮುಚ್ಚಳ ಮುಚ್ಚಿದ್ದರೂ ಹಸಿಮಣ್ಣು ಘಮ್ಮೆಂದು ಮೂಗಿಗೆ ಹೊಡೆಯಿತು. ತಿರುನಾರಾಯಣ ಬಗ್ಗಿದ. ಟೇಪು ಎಳೆದ.

ಲಟಕ್. ಈ ಸಲದ ಸದ್ದು ಬಲು ಸಣ್ಣದಾಗಿತ್ತು. ಎಳೇ ಬೆಂಡೆಕಾಯಿಯ ತುದಿ ಮುರಿದಷ್ಟೇ ಸದ್ದು.

“ತೊಂಬತ್ತೇಳು ಪಾಯಿಂಟ್ ನಾಲ್ಕು. ಅರೆ, ನೀವು ಬರೆದದ್ದೂ ತಪ್ಪೇ!” ಎಂದು ತಿರುನಾರಾಯಣ ನಕ್ಕ. “ಬೆಳಿಗ್ಗೆಯಿಂದ ನನಗೆ ಅಳತೆಯದೇ ಕೆಲಸ ನೋಡಿ. ಬರುವಾಗ ಮದ್ದೂರಲ್ಲಿ ಮಾವನ ಮನೆಗೆ ಹೋಗಿದ್ದೆ. ಮಗು ಅಲ್ಲಿದೆ. ಮಲಗಿಸಿ ಅಳೆದರೆ ಅರವತ್ತನಾಲ್ಕೇ ಸೆಂಟಿಮೀಟರು! ಆರು ತಿಂಗಳಿಗೆ ಇಷ್ಟೇನಾ ಅಂತ ನಮ್ಮತ್ತೆ ಸರಸಮ್ಮನೋರಿಗೆ ಚಿಂತೆ.”

ಕಸ್ತೂರಿರಂಗನ ಲೇಖನಿ ನಿಂತಿತು.

ಆರು ತಿಂಗಳು. ಎರಡಡಿ ಚಿಲ್ಲರೆ.

ಹೊಸ್ತಿಲಲ್ಲಿ ಲಾಟೀನು ಅಲುಗಾಡಿತು. “ಬುದ್ದೀ,” ಎಂದ ಲಿಂಗಯ್ಯ. “ಬುದ್ದೀ, ಒಂದ್ ಮಾತು...”

ಹೇಳಿಬಿಡುತ್ತಾನೆ. ಹೇಳಿದರೆ ಈ ಆಫೀಸರು ನಗುತ್ತಾನೆ. ತಾನು ನಕ್ಕ ಹಾಗೇ ನಗುತ್ತಾನೆ. ಇಲ್ಲ, ನಂಬಿಬಿಟ್ಟರೆ? ನಂಬಿದರೆ ಟೇಪು ಕೆಳಗಿಡುತ್ತಾನೆ. ಕೈ ಬಿಚ್ಚಿ ಅನ್ನುತ್ತಾನೆ. ನೀವೇ ಅಳೆಯಿರಿ ಅನ್ನುತ್ತಾನೆ. ಗೋದಾ ನಿನ್ನೆ ತಾನೇ ನಡೆದಿದ್ದಳು. ಗೋಡೆ ಹಿಡಿದು ನಡೆದಿದ್ದಳು.

“ಲಿಂಗಯ್ಯ,” ಎಂದ ಕಸ್ತೂರಿರಂಗ. ದನಿ ತನ್ನದೇ ಅನಿಸಲಿಲ್ಲ. “ಲಾಟೀನು ಇಲ್ಲಿಟ್ಟು ಪೇಟೆಗೆ ಹೋಗು. ಸಾಹೇಬರಿಗೆ ಕಾಫಿ ತಗೊಂಡು ಬಾ.”

“ಸ್ವಾಮಿ, ಆಲುಕುಡ್ಯೋ ಮಗ ಅದು...”

“ಹೋಗು ಅಂದೆ!”

ಲಿಂಗಯ್ಯ ಅವನನ್ನೇ ನೋಡಿದ. ಲಾಟೀನು ಇಟ್ಟ. ಹೊರಗೆ ಅವನ ಮೆಟ್ಟಿನ ಸದ್ದು ಕ್ಷೀಣವಾಗುತ್ತ ಹೋಯಿತು.

“ಏನಂತೆ ಅವನದು?” ಎಂದ ತಿರುನಾರಾಯಣ.

“ಏನಿಲ್ಲ ಸಾರ್.”

“ಸರಿ. ಮೂರು ಸಲ ಒಂದೇ ಅಳತೆ ಬರಬೇಕು, ಅಲ್ಲೀವರೆಗೂ ನಾನು ಬಿಡೋನಲ್ಲ. ಅದು ನನ್ನ ಪದ್ಧತಿ. ಬರ್ಕೊಳ್ಳಿ.”

ಲಟಕ್. ತೊಂಬತ್ತೆಂಟು ಪಾಯಿಂಟ್ ಆರು. ಬರೆದ.

ಲಟಕ್. ತೊಂಬತ್ತೊಂಬತ್ತು ಪಾಯಿಂಟ್ ಎಂಟು. ಬರೆದ.

“ವಿಚಿತ್ರ ಕಣ್ರೀ!” ತಿರುನಾರಾಯಣ ಕೋಟು ಕಳಚಿ ಕುರ್ಚಿಗೆ ಹಾಕಿದ. ತೋಳು ಮಡಿಸಿದ. ಅವನಿಗೆ ಹಟ ಹತ್ತಿತ್ತು. “ಇದೋ ನಾನೋ, ಇವತ್ತು ನೋಡೇ ಬಿಡ್ತೀನಿ.”

ಲಟಕ್. ನೂರ ಒಂದು.

ಮಣ್ಣಿನ ವಾಸನೆಗೆ ಉಸಿರು ಕಟ್ಟುತ್ತಿತ್ತು. ಈಗಲಾದರೂ ಹೇಳು. ಇನ್ನೂ ಹೊತ್ತು ಮೀರಿಲ್ಲ. ಒಂದು ಮಾತು ಸಾಕು. ನಾಲಿಗೆ ಮೇಲೆದ್ದಿತು. ನಾಲಿಗೆ ಇಳಿಯಿತು. ಲಟಕ್. ಬರೆದ. ಕಣ್ಣೀರು ಸುರಿಯುತ್ತಿತ್ತು. ಒರೆಸಿಕೊಂಡ. ಕಾಗದದ ಮೇಲೆ ಬೀಳದ ಹಾಗೆ ನೋಡಿಕೊಂಡ.

“ಹೊಗೆ ಅಲ್ವೇ? ಲಾಟೀನು ದೂರ ಇಡಿ,” ಎಂದು ತಿರುನಾರಾಯಣ ಮತ್ತೆ ಬಗ್ಗಿದ.

ಅಂದು ಹೊತ್ತಿಳಿಯುವವರೆಗೂ ಅವನು ಹನ್ನೊಂದು ಸಲ ಅಳೆದ. ಹನ್ನೆರಡನೆಯದಕ್ಕೆ ಟೇಪು ಎಳೆಯುವಾಗ ಅಂಗಳದಲ್ಲಿ ಸೈಕಲ್ಲು ನಿಂತ ಸದ್ದಾಯಿತು. “ಮದ್ದೂರಿಂದ ತಂತಿ ಬಂದಿದೆ ಸಾರ್, ಅರ್ಜೆಂಟು!” ಎಂದು ಯಾರೋ ಕೂಗಿದರು.

“ಇದೊಂದು ಮುಗಿಸ್ತೀನಿ, ಇರಪ್ಪ,” ಎಂದ ತಿರುನಾರಾಯಣ. ಕಸ್ತೂರಿರಂಗ ಲೇಖನಿಯನ್ನು ಶಾಯಿಗೆ ಅದ್ದಿ, ಹನ್ನೆರಡನೇ ಸಾಲಿಗೆ ಸಿದ್ಧನಾಗಿ ಕೂತ.